ಕ್ಯಾಸಲ್‌ರಾಕ್ ಕಾಡಿನ ದನಿ

ಹೆಬ್ಬೆ ಜಲಪಾತದ ಬುಡದಲ್ಲಿ ನಿಂತವರಿಗೆ ಗೊತ್ತು, ಅಲ್ಲಿ ಮಾತು ನಡೆಯುವುದಿಲ್ಲ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತವಾಗಿ 168 ಮೀಟರ್ ಇಳಿದು ಬರುವ ನೀರು ಮನುಷ್ಯನ ಗಂಟಲನ್ನು ನುಂಗಿಬಿಡುತ್ತದೆ. ಪಕ್ಕದಲ್ಲೇ ನಿಂತ ಗೆಳೆಯ ಬಾಯಿ ತೆರೆದದ್ದು ಕಾಣುತ್ತದೆ, ದನಿ ಕೇಳುವುದಿಲ್ಲ. ಕಾಲಿಗೆ ಇಂಬಳ ಹತ್ತಿದೆ ಎಂದು ಹೇಳುವುದಕ್ಕೂ ಕೈಸನ್ನೆಯೇ ಗತಿ. 2025ರ ಜನವರಿ 26ರ ಬೆಳಿಗ್ಗೆ ನಾನು ಅಲ್ಲಿದ್ದೆ. ಮಳೆಗಾಲದ ಅಬ್ಬರ ಇಳಿದಿದ್ದರೂ ನೀರಿನ ಸದ್ದು ಎದೆಯೊಳಗೆ ಗುಡುಗುತ್ತಿತ್ತು.

ಅದಕ್ಕೆ ಮೊದಲು ಹೆಬ್ಬೆಯ ದಾರಿಯ ಕಾಫಿ ತೋಟವೊಂದರಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆವು. ಕೊಯ್ಲಿನ ಕಾಲ. ಕಣದ ತುಂಬ ಹಣ್ಣು ಹರಡಿತ್ತು. ಕಣ ಕಾಯುವ ಅಜ್ಜ ಹಣ್ಣು ಕೆದಕುತ್ತ ಓಡಾಡುತ್ತಿದ್ದರು. ಅವರ ಹೆಗಲ ಮೇಲೆ ಒಂದು ಹಳೆಯ ಟ್ರಾನ್ಸಿಸ್ಟರ್. ಭದ್ರಾವತಿ ಆಕಾಶವಾಣಿ. 1965ರಿಂದ ಈ ಕಣಿವೆಗಳಿಗೆಲ್ಲ ಹವಾಮಾನ, ಅಡಿಕೆ ಧಾರಣೆ, ಚಿತ್ರಗೀತೆ, ಸಾವಿನ ಸುದ್ದಿ ಎಲ್ಲವನ್ನೂ ತಂದುಕೊಟ್ಟ 675 ಕಿಲೋಹರ್ಟ್ಸ್. ಹಿಂದಿನ ಸಂಜೆ ಪ್ರಕಟವಾಗಿದ್ದ ಪದ್ಮ ಪ್ರಶಸ್ತಿಗಳ ಸುದ್ದಿ ಬರುತ್ತಿತ್ತು. ಅನಂತನಾಗ್ ಹೆಸರು ಬಂದಾಗ ಅಜ್ಜನ ಮುಖ ಅರಳಿತು. ಕೊಪ್ಪಳದ ತೊಗಲುಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಹೆಸರು ಬಂದಾಗ ಕೈಯ ಕೆಲಸವನ್ನೇ ನಿಲ್ಲಿಸಿದರು. ‘ನೋಡಿ ಮಾರಾಯ್ರೆ, ಗೊಂಬೆ ಆಡಿಸೋ ಅಜ್ಜಿಗೂ ಕೊಟ್ರು’ ಎಂದರು.

ಹೆಬ್ಬೆಯಿಂದ ಕೆಮ್ಮಣ್ಣುಗುಂಡಿಗೆ ಜೀಪು ಹತ್ತಿದ ಮೇಲೆ ಫೋನಿಗೆ ಸಿಗ್ನಲ್ ಬಂತು. ಪಟ್ಟಿಯನ್ನು ಪೂರ್ತಿ ನೋಡೋಣವೆಂದು ಬೆರಳು ಆಡಿಸುತ್ತಾ ಹೋದೆ. ಗೋವಾ ಎಂಬಲ್ಲಿ ಒಂದು ಹೆಸರು: ಲಿಬಿಯಾ ಲೋಬೊ ಸರದೇಸಾಯಿ. ವಯಸ್ಸು 100. ಗೋವಾ ವಿಮೋಚನೆಗಾಗಿ ಕಾಡಿನೊಳಗೆ ಭೂಗತ ರೇಡಿಯೊ ನಡೆಸಿದವರು.

ನೂರು ವರ್ಷದ ಹೆಂಗಸು. ಭೂಗತ ರೇಡಿಯೊ. ಕಾಡು. ಯಾವ ಕಾಡು?

ಓದುತ್ತ ಹೋದವನಿಗೆ ಸಿಕ್ಕ ಉತ್ತರ ನನ್ನನ್ನು ಅಲ್ಲೇ ಗುಡ್ಡದ ಕಲ್ಲಿನ ಮೇಲೆ ಕೂರಿಸಿಬಿಟ್ಟಿತು. ಕ್ಯಾಸಲ್‌ರಾಕ್! ನಮ್ಮ ಕ್ಯಾಸಲ್‌ರಾಕ್! ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ, ಘಟ್ಟದ ಅಂಚಿಗೆ ಆತುಕೊಂಡು ನಿಂತ ಆ ಪುಟ್ಟ ರೈಲು ನಿಲ್ದಾಣದ ಊರು. ನಾನು ಕೂತಿದ್ದ ಇದೇ ಪಶ್ಚಿಮ ಘಟ್ಟದ ಬೆನ್ನೇರಿ ಉತ್ತರಕ್ಕೆ ನಡೆದರೆ ಸಿಗುವ ಊರು. ದೂಧಸಾಗರ ನೋಡಲು ಹೋಗುವಾಗ ಎಷ್ಟು ಸಲ ಅಲ್ಲಿ ಚಹಾ ಕುಡಿದಿಲ್ಲ! ಆ ಕಾಡಿನಿಂದ ಒಬ್ಬ ಹೆಂಗಸು ದಿನವೂ ಒಂದು ಸಾಮ್ರಾಜ್ಯಕ್ಕೆ ಎದುರಾಗಿ ಮಾತನಾಡಿದಳು, ಅದೂ ವರ್ಷಗಟ್ಟಲೆ, ಎಂದು ನನಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಈ ಕಥೆಯ ಬೆನ್ನು ಬಿದ್ದಿದ್ದೇನೆ. ಅಗೆದಷ್ಟೂ ಬೆರಗು ಹೆಚ್ಚುತ್ತಿದೆ.

ಮೊದಲು ಈ ಹೆಣ್ಣುಮಗಳು ಯಾರೆಂದು ನೋಡಿ. 1924ರ ಮೇ 25ರಂದು ಹುಟ್ಟಿದವರು. ಗೋವಾ ಮೂಲದ ಕುಟುಂಬ, ಬೆಳೆದದ್ದು ಮುಂಬೈಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರಿಗೆ ಸಿಕ್ಕ ಕೆಲಸ ವಿಚಿತ್ರವಾದದ್ದು: ಭಾರತದಲ್ಲಿ ಸೆರೆಯಲ್ಲಿದ್ದ ಇಟಲಿಯ ಯುದ್ಧಕೈದಿಗಳ ಪತ್ರಗಳನ್ನು ಓದಿ ಪರಿಶೀಲಿಸುವುದು. ಅಂದರೆ ಸೆನ್ಸಾರ್ ಕೆಲಸ. ಬೇರೆಯವರ ಮಾತು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬ ಮೇಜಿನ ಆಚೆ ಬದಿಯಲ್ಲಿ ಕೂತವರು ಅವರು. ಆಮೇಲೆ ಮುಂಬೈ ಆಕಾಶವಾಣಿಯಲ್ಲಿ ಕೆಲಸ. ನಡುವೆ ದುಡಿಯುತ್ತಲೇ ಕಾನೂನು ಓದು. ಪೋರ್ಚುಗೀಸ್, ಕೊಂಕಣಿ, ಇಂಗ್ಲಿಷ್ ಮೂರೂ ನಾಲಿಗೆಯ ಮೇಲೆ. ಈ ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಹೊಟ್ಟೆಪಾಡಿನ ನೌಕರಿ, ಓದು ಅಷ್ಟೇ. ಒಟ್ಟಿಗೆ ಜೋಡಿಸಿ ನೋಡಿ! ಮಾತನ್ನು ಹೇಗೆ ಕಟ್ಟಿಹಾಕುತ್ತಾರೆ ಎಂದು ಬಲ್ಲವಳು, ರೇಡಿಯೊ ಮನೆಯ ಒಳಹೊರಗು ಕಂಡವಳು, ವಾದ ಹೂಡಲು ಕಲಿತವಳು, ಆಳುವವರ ಭಾಷೆಯನ್ನೂ ಆಳಿಸಿಕೊಳ್ಳುವವರ ಭಾಷೆಯನ್ನೂ ಬಲ್ಲವಳು. ಕಾಲವೇ ಕೂತು ಒಬ್ಬ ಭೂಗತ ರೇಡಿಯೊ ಉದ್ಘೋಷಕಿಯನ್ನು ತಿದ್ದಿ ತೀಡಿ ತಯಾರಿಸಿದ ಹಾಗಿದೆ.

ಗೋವಾದಲ್ಲಿ ಆಗ ಮಾತಿಗೆ ಎಷ್ಟು ಬರ ಇತ್ತು ಎಂದು ತಿಳಿಯದೆ ಆ ದನಿಯ ಬೆಲೆ ತಿಳಿಯುವುದಿಲ್ಲ. ಪೋರ್ಚುಗಲ್‌ನಲ್ಲಿ ಸಲಾಜಾರ್‌ನ ಸರ್ವಾಧಿಕಾರ. ಅದರ ಕೈಕೆಳಗಿನ ಗೋವಾದಲ್ಲಿ ಸಭೆ ಸೇರಲು, ಪತ್ರಿಕೆ ಅಚ್ಚು ಹಾಕಲು ಅಪ್ಪಣೆ ಬೇಕು. ಮದುವೆಯ ಕರೆಯೋಲೆಯೂ ಸೆನ್ಸಾರ್ ಕಣ್ಣಿನಡಿ ಹಾದು ಬರಬೇಕಿತ್ತು. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವಿನಲ್ಲಿ ಜನರ ಮುಂದೆ ನಿಂತು ಮಾತನಾಡಲು ಹೋದದ್ದೇ ಒಂದು ಕ್ರಾಂತಿಯಾಯಿತು. ಇಂದಿಗೂ ಗೋವಾ ಆ ದಿನವನ್ನು ಕ್ರಾಂತಿ ದಿನವೆಂದು ಆಚರಿಸುತ್ತದೆ. ಯೋಚಿಸಿ, ಒಬ್ಬ ಮನುಷ್ಯ ಬಾಯಿ ತೆರೆದದ್ದೇ ಚರಿತ್ರೆಯಾದ ನಾಡು ಅದು. 1951ರಲ್ಲಿ ಪೋರ್ಚುಗಲ್ ಇನ್ನೊಂದು ಉಪಾಯ ಹೂಡಿತು. ಗೋವಾ ತನ್ನ ವಸಾಹತೇ ಅಲ್ಲ, ಕಡಲಾಚೆಯ ತನ್ನದೇ ಪ್ರಾಂತ ಎಂದು ಹೆಸರು ಬದಲಿಸಿತು. ಮನೆ ನುಂಗಿದವನು ಮನೆಯ ಫಲಕ ಬದಲಿಸಿದ ಹಾಗೆ.

1955ರ ಆಗಸ್ಟ್ 15ರಂದು ಭಾರತದ ನಾನಾ ಕಡೆಗಳಿಂದ ಬಂದ ಸಾವಿರಾರು ಸತ್ಯಾಗ್ರಹಿಗಳು ಬರಿಗೈಯಲ್ಲಿ ಗಡಿ ದಾಟಿದರು. ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಅಲ್ಲೇ ಬಿದ್ದರು. ಆ ವರ್ಷದ ಸತ್ಯಾಗ್ರಹದಲ್ಲಿ ನಮ್ಮ ನರಗುಂದದ ಜಗನ್ನಾಥರಾವ್ ಜೋಶಿಯವರೂ ತಂಡ ಕಟ್ಟಿಕೊಂಡು ಹೋಗಿ ಸೆರೆಮನೆ ಕಂಡರು. ಭಾರತ ಗಡಿ ಮುಚ್ಚಿತು. ರೈಲು ನಿಂತಿತು. ಆಚೆಗೆ ಜನ ಹೋಗುವಂತಿಲ್ಲ, ಸರಕು ಹೋಗುವಂತಿಲ್ಲ, ಪತ್ರಿಕೆ ಹೋಗುವಂತಿಲ್ಲ. ಆಚೆ ಇದ್ದವರ ಕಿವಿಗೆ ಬೀಳುವುದು ಸರ್ಕಾರ ಹೇಳಿಸಿದ ಮಾತು ಮಾತ್ರ.

ಹಾಗಾದರೆ ಏನು ಗಡಿ ದಾಟಬಲ್ಲದು? ಬೇಲಿಯ ಮೇಲಿಂದ, ಬಂದೂಕಿನ ಮೇಲಿಂದ, ಸೆನ್ಸಾರ್ ಮೇಜಿನ ಮೇಲಿಂದ ಹಾರಿ ನೇರ ಅಡುಗೆಮನೆಗೆ ಇಳಿಯಬಲ್ಲದ್ದು ಒಂದೇ. ದನಿ.

ಈಗ ಈ ಕಥೆಯಲ್ಲಿ ನನ್ನ ಮೈ ಜುಮ್ಮೆನ್ನಿಸಿದ ಜಾಗಕ್ಕೆ ಬನ್ನಿ. ಆ ದನಿಗೆ ಬೇಕಾದ ಯಂತ್ರ ಎಲ್ಲಿಂದ ಬಂತು? ಅಂಗಡಿಯಿಂದಲ್ಲ. 1954ರಲ್ಲಿ, ಗುಜರಾತಿನ ಅಂಚಿನಲ್ಲಿದ್ದ ದಾದ್ರಾ ಮತ್ತು ನಗರ ಹವೇಲಿ ಎಂಬ ಪೋರ್ಚುಗೀಸ್ ತುಂಡುನೆಲವನ್ನು ಕೆಲವು ತರುಣರ ಗುಂಪುಗಳು ಬಿಡಿಸಿಕೊಂಡವು. ಜುಲೈಯಲ್ಲಿ ದಾದ್ರಾ, ಆಗಸ್ಟ್ 2ರಂದು ಸಿಲ್ವಾಸಾ. ಆ ತರುಣರ ಜೊತೆ ಸಂಗೀತ ನಿರ್ದೇಶಕ ಸುಧೀರ್ ಫಡ್ಕೆ ಇದ್ದರು! ಆ ಹೋರಾಟಕ್ಕೆ ಹಣ ಕೂಡಿಸಲು ಪುಣೆಯಲ್ಲಿ ಕಛೇರಿ ಮಾಡಿ ಹಾಡಿದವರು ಲತಾ ಮಂಗೇಶ್ಕರ್! ಅಲ್ಲಿ ಪೋರ್ಚುಗೀಸರಿಂದ ಕಿತ್ತುಕೊಂಡ ವಸ್ತುಗಳಲ್ಲಿ ಎರಡು ವೈರ್‌ಲೆಸ್ ಸೆಟ್ಟುಗಳಿದ್ದವು. ಅವುಗಳನ್ನೇ ಬಿಚ್ಚಿ, ಮಾರ್ಪಡಿಸಿ ಒಂದು ರೇಡಿಯೊ ಪ್ರಸಾರಯಂತ್ರ ಮಾಡಲಾಯಿತು.

ಎಂಥ ಸರಪಳಿ! ಪುಣೆಯಲ್ಲಿ ಲತಾ ಹಾಡಿದರು, ಹಾಡು ಹಣವಾಯಿತು, ಹಣ ಹೋರಾಟದ ಬುತ್ತಿಯಾಯಿತು, ಹೋರಾಟದಲ್ಲಿ ಪೋರ್ಚುಗೀಸರ ವೈರ್‌ಲೆಸ್ ಕೈಗೆ ಬಂತು, ಆ ವೈರ್‌ಲೆಸ್ ಪೋರ್ಚುಗೀಸರ ವಿರುದ್ಧವೇ ಬಾಯಿ ತೆರೆಯಿತು. ದನಿಯಿಂದ ಹೊರಟದ್ದು ಸುತ್ತು ಹಾಕಿ ದನಿಯಾಗಿಯೇ ಮರಳಿತು.

1955ರ ನವೆಂಬರ್ 25. ಸತ್ಯಾಗ್ರಹಿಗಳ ರಕ್ತ ಬಿದ್ದು ನೂರು ದಿನವಷ್ಟೇ ಕಳೆದಿತ್ತು. ಸಾವಂತವಾಡಿ ಮೇಲಿನ ಆಂಬೋಲಿ ಘಟ್ಟದ ಕಾಡಿನಿಂದ ಮೊದಲ ಪ್ರಸಾರ ಹೊರಟಿತು. ಪೋರ್ಚುಗೀಸಿನಲ್ಲಿ ‘ವೋಜ್ ದ ಲಿಬೆರ್ದಾದ್’, ಕೊಂಕಣಿಯಲ್ಲಿ ‘ಗೋಂಯಚೆ ಸೊಡವಣೆಚೊ ಆವಾಜ್’. ನಮ್ಮ ಮಾತಿನಲ್ಲಿ ಬಿಡುಗಡೆಯ ದನಿ. ಲಿಬಿಯಾ ಲೋಬೊ, ವಾಮನ ಸರದೇಸಾಯಿ, ನಿಕೊಲಾವ್ ಮೆನೆಜಿಸ್ ಎಂಬ ಮೂವರು ಅದನ್ನು ಆರಂಭಿಸಿದರು. ಕೆಲವು ಕಾಲದ ನಂತರ ಮೆನೆಜಿಸ್ ಹೊರಟುಹೋದರು. ಉಳಿದದ್ದು ಇಬ್ಬರು. ಲಿಬಿಯಾ ಅವರಿಗೆ ಆಗ 31 ವರ್ಷ. ಮುಂಬೈಯ ನೌಕರಿ, ಮನೆ, ನೆಂಟರು ಎಲ್ಲವನ್ನೂ ಹಿಂದೆ ಬಿಟ್ಟು ಕಾಡು ಸೇರಿದ್ದರು. ಆಂಬೋಲಿಯಿಂದ ನಿಲಯ ಕ್ಯಾಸಲ್‌ರಾಕಿಗೆ ಬಂತು. ಕೊನೆಯವರೆಗೂ ಅದರ ಮನೆ ಅದೇ ಕಾಡು.

ಕ್ಯಾಸಲ್‌ರಾಕ್ ಎಂದರೆ ಏನೆಂದು ನೆನಪು ಮಾಡಿಕೊಳ್ಳಿ. ಬ್ರಿಟಿಷ್ ಭಾರತ ಮುಗಿದು ಪೋರ್ಚುಗೀಸ್ ಭಾರತ ಶುರುವಾಗುವ ಕೊನೆಯ ರೈಲು ನಿಲ್ದಾಣ. 1880ರ ದಶಕದಲ್ಲಿ ಮುರ್ಮುಗೋವಾ ಬಂದರಿಗೆಂದು ಹಾಕಿದ ಹಳಿ ಇಲ್ಲಿಂದ ಸುರಂಗಗಳನ್ನು ದಾಟುತ್ತ, 310 ಮೀಟರ್ ಎತ್ತರದಿಂದ ಹಾಲು ಸುರಿದಂತೆ ಬೀಳುವ ದೂಧಸಾಗರದ ಮೈಸವರುತ್ತ, ಕುಳೆ ಕಡೆಗೆ ಇಳಿಯುತ್ತದೆ. ಹಿಂದೆ ಇಲ್ಲಿ ಸುಂಕದ ಕಟ್ಟೆಯಿತ್ತು. ಮಳೆಗಾಲ ಬಂತೆಂದರೆ ಆಕಾಶವೇ ನೆಲಕ್ಕೆ ಇಳಿದು ತಿಂಗಳುಗಟ್ಟಲೆ ಕೂರುವ ಜಾಗ. ಬಟ್ಟೆ ಒಣಗದು, ಬೆಂಕಿಕಡ್ಡಿ ಹತ್ತದು. ನಮ್ಮ ಹೆಬ್ಬೆ, ಕಲ್ಲತ್ತಿಗಿರಿಯವರಿಗೆ ಆ ತೇವವನ್ನು ವಿವರಿಸಬೇಕಿಲ್ಲ. ವಿದ್ಯುತ್ ಯಂತ್ರಕ್ಕೆ ಅದು ವಿಷ. ಅಂಥ ಜಾಗದಲ್ಲಿ ಪ್ರಸಾರಯಂತ್ರವೊಂದನ್ನು ದಿನ ತಪ್ಪಿಸದೆ ನಡೆಸುವುದೆಂದರೆ ಹಸುಗೂಸನ್ನು ಸಾಕಿದ ಹಾಗೆ.

ಆದರೆ ಆ ಜಾಗದ ಆಯ್ಕೆಯಲ್ಲಿ ಒಂದು ಜಾಣ್ಮೆ ಇದೆ, ನನಗೆ ಅದು ಹೊಳೆದದ್ದು ಭೂಪಟ ಹರಡಿಕೊಂಡು ಕೂತಾಗ. ಘಟ್ಟದ ನೆತ್ತಿಯ ಮೇಲೆ ಕ್ಯಾಸಲ್‌ರಾಕ್, ಕೆಳಗೆ ಅಂಗೈಯಂತೆ ಗೋವಾ. ಎತ್ತರದಲ್ಲಿ ನಿಂತು ಕಣಿವೆಗೆ ಕೂಗಿದ ಹಾಗೆ. ಇನ್ನೊಂದು ಮಾತು. ಕಳ್ಳ ರೇಡಿಯೊ ಹಿಡಿಯುವವರು ಎರಡು ಬೇರೆ ಬೇರೆ ಜಾಗಗಳಲ್ಲಿ ನಿಂತು ದನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಆಂಟೆನಾ ತಿರುಗಿಸಿ ನೋಡುತ್ತಾರೆ. ಎರಡು ಗೆರೆಗಳು ಎಲ್ಲಿ ಕೂಡುತ್ತವೋ ಅಲ್ಲೇ ಕಳ್ಳ. ಮುಂಬೈಯಲ್ಲಿ ಉಷಾ ಮೆಹ್ತಾ ಅವರಿಗೆ ಆದದ್ದು ನಮಗೆಲ್ಲ ಗೊತ್ತಿದೆ. 1942ರ ಕ್ವಿಟ್ ಇಂಡಿಯಾ ಕಾಲದಲ್ಲಿ 22ರ ಹರೆಯದ ಆ ಹುಡುಗಿ ಮತ್ತು ಸಂಗಡಿಗರು 42.34 ಮೀಟರ್‌ನಲ್ಲಿ ಕಾಂಗ್ರೆಸ್ ರೇಡಿಯೊ ನಡೆಸಿದರು. ಹಿಡಿಯುವವರಿಂದ ತಪ್ಪಿಸಿಕೊಳ್ಳಲು ಮನೆಯಿಂದ ಮನೆಗೆ ಯಂತ್ರ ಹೊತ್ತು ತಿರುಗಿದರು. ಆಗಸ್ಟ್ ಕೊನೆಯಲ್ಲಿ ಶುರುವಾದದ್ದು ನವೆಂಬರ್ 12ರಂದು ಪೊಲೀಸರ ಕೈಗೆ ಸಿಕ್ಕಿತು. ಉಷಾ ಅವರಿಗೆ 1946ರವರೆಗೆ ಜೈಲು. ಮೂರು ತಿಂಗಳೂ ತುಂಬದ ಆ ಪ್ರಸಾರ ಇಂದಿಗೂ ದಂತಕಥೆ.

ಕ್ಯಾಸಲ್‌ರಾಕಿನಲ್ಲಾದರೆ ಗೆರೆಗಳು ಕೂಡುವ ಬಿಂದು ಗಡಿಯ ಈಚೆಗೆ ಬೀಳುತ್ತಿತ್ತು. ಪೋರ್ಚುಗೀಸ್ ಪೊಲೀಸ್ ದಿಕ್ಕು ಕಂಡುಹಿಡಿದರೂ ಕೈ ಹಾಕುವಂತಿಲ್ಲ. ಮಾತಿಗೆ ಗಡಿ ಇಲ್ಲ, ಬೇಡಿಗೆ ಗಡಿ ಇದೆ! ಜನರನ್ನು ಬೇರ್ಪಡಿಸಲು ಎಳೆದ ಗೆರೆಯೇ ಈ ಇಬ್ಬರಿಗೆ ರಕ್ಷೆಯ ಗೋಡೆಯಾಯಿತು. ಉಷಾ ಮೆಹ್ತಾ ಅವರ ಮೂರು ತಿಂಗಳು ನಮ್ಮನ್ನು ಬೆರಗುಗೊಳಿಸುವುದಾದರೆ ಲಿಬಿಯಾ ಮತ್ತು ವಾಮನರ ಲೆಕ್ಕ ಹಾಕಿ ನೋಡಿ. 1955ರ ನವೆಂಬರಿನಿಂದ 1961ರ ಡಿಸೆಂಬರ್‌ವರೆಗೆ ಆರು ವರ್ಷ! ಆರು ಮಳೆಗಾಲ!

ಆ ಆರು ವರ್ಷಗಳ ನಡುವೆ, 1956ರ ನವೆಂಬರ್ 1ರಂದು, ಇನ್ನೊಂದು ಗಡಿ ಸರಿಯಿತು. ಅಲ್ಲಿಯವರೆಗೆ ಮುಂಬೈ ರಾಜ್ಯದಲ್ಲಿದ್ದ ಉತ್ತರ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ ನಾಡು ಒಂದಾಯಿತೆಂದು ನಾವು ರಾಜ್ಯೋತ್ಸವ ಮಾಡುತ್ತೇವಲ್ಲ, ಅದೇ ದಿನ. ಅಂದಿನಿಂದ ಗೋವಾದ ಬಿಡುಗಡೆಯ ದನಿ ನಮ್ಮ ಹೊಸ ರಾಜ್ಯದ ಕಾಡಿನೊಳಗಿನ ದನಿಯೂ ಹೌದು. ಆಕಾಶವಾಣಿ ಎಂಬ ಹೆಸರನ್ನು ರೇಡಿಯೊಗೆ ಇಟ್ಟದ್ದು ನಮ್ಮ ಮೈಸೂರು, 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿದರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದ್ದೇ. ಅದರ ಪಕ್ಕದಲ್ಲಿ ಕ್ಯಾಸಲ್‌ರಾಕಿನ ಹೆಸರನ್ನೂ ಬರೆದುಕೊಳ್ಳಬೇಕು.

ಆ ಇಬ್ಬರ ದಿನಚರಿಯನ್ನು ಊಹಿಸಿಕೊಂಡರೆ ತಲೆ ತಿರುಗುತ್ತದೆ. ಇಂದಿನ ಆರ್‌ಜೆಗಳಿಗೆ ಬರೆದುಕೊಡುವವರು ಬೇರೆ, ಯಂತ್ರ ನೋಡುವವರು ಬೇರೆ, ಸುದ್ದಿ ತರುವವರು ಬೇರೆ. ಇಲ್ಲಿ ಸುದ್ದಿ ಹುಡುಕುವುದು, ಆರಿಸುವುದು, ಅನುವಾದಿಸುವುದು, ಬರೆಯುವುದು, ಓದುವುದು ಎಲ್ಲವೂ ಇವರದೇ ತಲೆಯ ಮೇಲೆ. ಪ್ರಸಾರದ ಸ್ವಲ್ಪ ಹೊತ್ತಿಗಾಗಿ ದಿನವಿಡೀ ದುಡಿಮೆ. ಸಲಾಜಾರ್‌ನ ಸರ್ಕಾರ ಒಂದು ಸುಳ್ಳು ಹೇಳಿದರೆ ಮರುಪ್ರಸಾರದಲ್ಲಿ ಅದಕ್ಕೆ ಉತ್ತರ ಬೇಕು. ಏರುದನಿಯ ಬೈಗುಳಕ್ಕೆ ಜನ ಒಂದು ದಿನ ಕಿವಿಗೊಟ್ಟಾರು, ಆರು ವರ್ಷ ಕೇಳಿಸಿಕೊಳ್ಳುವುದು ನಂಬಿಕೆಯ ದನಿಯನ್ನು ಮಾತ್ರ. ಕಾನೂನು ಓದಿದ ಲಿಬಿಯಾ ಅವರಿಗೆ ಆ ಗುಟ್ಟು ಗೊತ್ತಿತ್ತೆಂದು ನನಗೆ ಖಂಡಿತ ಅನಿಸುತ್ತದೆ.

ಎರಡು ಭಾಷೆಗಳ ಆಯ್ಕೆಯಲ್ಲೂ ಎಂಥ ಆಳ ಇದೆ ನೋಡಿ. ಕೊಂಕಣಿ ಗೋವಾದ ಮನೆಯ ಮಾತು. ಪೋರ್ಚುಗೀಸರು ಶತಮಾನಗಳ ಕಾಲ ಕೀಳಾಗಿ ಕಂಡು ತುಳಿದ ಮಾತು. ಆ ಕಿರುಕುಳ ತಾಳಲಾರದೆ ಓಡಿಬಂದವರಿಂದಲೇ ನಮ್ಮ ಕರಾವಳಿಯಲ್ಲಿ ಕೊಂಕಣಿ ಬೇರೂರಿದ್ದು, ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಬರೆಸಿಕೊಂಡದ್ದು. ಆ ಮಾತು ಈಗ ಆಕಾಶದಿಂದ, ರೇಡಿಯೊ ಎಂಬ ಗೌರವದ ಪೀಠದಿಂದ, ದಿನವೂ ಇಳಿದು ಬರುತ್ತಿತ್ತು. ಗುಟ್ಟಾಗಿ ಬಾಗಿಲು ಮುಚ್ಚಿ, ಸದ್ದು ತಗ್ಗಿಸಿ ಕೇಳಿದವರಿಗೆ ಸುದ್ದಿಗಿಂತ ಮೊದಲು ಮುಟ್ಟಿರಬೇಕಾದದ್ದು ಆ ಭಾಷೆಯೇ. ಇನ್ನು ಪೋರ್ಚುಗೀಸ್? ಅದು ಆಳುವವರ ಕಿವಿಗೆ, ಅಧಿಕಾರಿಗಳ ಕಿವಿಗೆ, ಊರು ಬಿಟ್ಟು ಸಾವಿರಾರು ಮೈಲಿ ದೂರ ಬಂದು ಬಂದೂಕು ಹಿಡಿದು ನಿಂತ ಪೋರ್ಚುಗಲ್‌ನ ಸಿಪಾಯಿಯ ಕಿವಿಗೆ. ಜಗತ್ತಿನಲ್ಲಿ ಏನಾಗುತ್ತಿದೆ, ಆಫ್ರಿಕಾದಲ್ಲಿ ಒಂದೊಂದಾಗಿ ದೇಶಗಳು ಹೇಗೆ ಬಿಡುಗಡೆಯಾಗುತ್ತಿವೆ ಎಂಬುದನ್ನು ಅವರದೇ ತಾಯ್ನುಡಿಯಲ್ಲಿ ಹೇಳುವವರು ಒಂದು ಕನ್ನಡದ ಕಾಡಿನಲ್ಲಿ ಕೂತಿದ್ದರು!

1961 ಬಂತು. ಅಂಗೋಲಾದಲ್ಲಿ ದಂಗೆ ಎದ್ದಿತು. ಪೋರ್ಚುಗೀಸ್ ಸಾಮ್ರಾಜ್ಯ ಆ ಕಡೆಯಿಂದಲೂ ಬಿರುಕು ಬಿಡತೊಡಗಿತು. ಡಿಸೆಂಬರಿನಲ್ಲಿ ಭಾರತದ ಸೇನೆ ಬೆಳಗಾವಿಯ ಸುತ್ತ ನೆರೆಯಿತು. ಆಗ ನಡೆದದ್ದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ರಕ್ಷಣಾ ಮಂತ್ರಿ ವಿ. ಕೆ. ಕೃಷ್ಣ ಮೆನನ್ ಅವರು ಪೋರ್ಚುಗೀಸ್ ಗವರ್ನರ್ ಜನರಲ್ ವಾಸ್ಸಾಲೊ ಎ ಸಿಲ್ವಾ ಅವರಿಗೆ ಶರಣಾಗುವಂತೆ ಹೇಳಿಕಳುಹಿಸಬೇಕಿತ್ತು. ಆ ಸಂದೇಶಕ್ಕೆ ಬಾಯಾದದ್ದು ಯಾವುದು? ಇದೇ ಕಾಡಿನ ರೇಡಿಯೊ! ಆರು ವರ್ಷ ಯಾರ ಕಣ್ಣಿಗೂ ಬೀಳದೆ ಅಡಗಿ ಮಾತನಾಡಿದ ದನಿ ಕೊನೆಗೆ ಒಂದು ದೇಶ ಇನ್ನೊಂದು ದೇಶಕ್ಕೆ ಆಡುವ ಮಾತಾಯಿತು. ಶತ್ರುವೂ ಅದನ್ನು ಕೇಳುತ್ತಾನೆ, ನಂಬುತ್ತಾನೆ ಎಂಬ ಭರವಸೆ ಇಲ್ಲದಿದ್ದರೆ ಹಾಗೆ ಮಾಡುತ್ತಿದ್ದರೇ?

ಡಿಸೆಂಬರ್ 18ರಂದು ವಾಯುಪಡೆಯ ಹಂಟರ್ ವಿಮಾನಗಳು ಬಾಂಬೋಲಿಯ ಪೋರ್ಚುಗೀಸ್ ವೈರ್‌ಲೆಸ್ ಕೇಂದ್ರದ ಮೇಲೆ ಎರಗಿದವು. ಸರ್ವಾಧಿಕಾರಿಯ ದನಿ ಕಟ್ಟಿಹೋಯಿತು. ಲಿಸ್ಬನ್‌ನಿಂದ ಕೊನೆಯ ಉಸಿರಿನವರೆಗೆ ಹೋರಾಡಬೇಕೆಂಬ ಆಜ್ಞೆ ಬಂದಿದ್ದರೂ ವಾಸ್ಸಾಲೊ ಎ ಸಿಲ್ವಾ ವ್ಯರ್ಥ ಸಾವುನೋವಿಗೆ ಮನಸ್ಸು ಮಾಡಲಿಲ್ಲ. 19ರಂದು ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದರು. 1510ರಿಂದ ನಡೆದುಬಂದ 451 ವರ್ಷಗಳ ಆಳ್ವಿಕೆ ಮುಗಿಯಿತು.

ಆಗ ಲಿಬಿಯಾ ಮತ್ತು ವಾಮನ ಏನು ಮಾಡಿದರು? ಇಷ್ಟು ವರ್ಷ ಯಾವ ಗಾಳಿಯಲ್ಲಿ ತಮ್ಮ ದನಿಯನ್ನು ಕಳುಹಿಸುತ್ತಿದ್ದರೋ ಆ ಗಾಳಿಗೆ ತಾವೇ ಏರಿದರು. ವಾಯುಪಡೆಯ ವಿಮಾನದಲ್ಲಿ ಕೂತು, ಧ್ವನಿವರ್ಧಕ ಹಿಡಿದು, ಗೋವಾದ ಹಳ್ಳಿ, ತೆಂಗಿನ ತೋಟ, ಚರ್ಚು, ಗುಡಿಗಳ ಮೇಲೆ ಹಾರುತ್ತ ನಾಡು ಬಿಡುಗಡೆಯಾಯಿತೆಂದು ಕೊಂಕಣಿಯಲ್ಲೂ ಪೋರ್ಚುಗೀಸಿನಲ್ಲೂ ಸಾರಿದರು. ಕರಪತ್ರಗಳನ್ನು ಸುರಿಸಿದರು. ಆಕಾಶವಾಣಿ ಎಂಬ ಪದ ನಮ್ಮ ಪುರಾಣಗಳದು. ಆ ದಿನ ಅದು ಅಕ್ಷರಶಃ ನಿಜವಾಯಿತು. ಗೋವಾದ ಅಂಗಳಗಳಲ್ಲಿ ತಲೆಯೆತ್ತಿ ನಿಂತವರು, ರೇಡಿಯೊ ಪೆಟ್ಟಿಗೆಯೊಳಗೆ ಗುಟ್ಟಾಗಿ ಕೇಳಿದ್ದ ದನಿಯನ್ನು ಬಯಲಿನಲ್ಲಿ, ಹಗಲಿನಲ್ಲಿ, ತಲೆಯ ಮೇಲಿನಿಂದ ಕೇಳಿದರು.

ಇಲ್ಲಿ ಇನ್ನೊಂದು ಎಳೆ ಹಿಡಿದರೆ ಬೆರಗು ಇಮ್ಮಡಿಯಾಗುತ್ತದೆ. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಗೋವಾಕ್ಕೆ ನುಗ್ಗಿದಾಗ ಅವನಿಗೆ ದಾರಿ ತೋರಿಸಿ ನೆರವಾದವನು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರು ತಿಮೋಜ ಎಂದು ಕರೆದ ನಮ್ಮ ಕರಾವಳಿಯ ನಾವಿಕ. ಅಂದರೆ ಪರಂಗಿಯವರು ಗೋವಾಕ್ಕೆ ಬರುವಾಗ ಉತ್ತರ ಕನ್ನಡದ ಕಡಲು ದಾರಿ ಕೊಟ್ಟಿತು. ಅವರು ಹೊರಡುವಾಗ ಉತ್ತರ ಕನ್ನಡದ ಕಾಡು ದನಿ ಕೊಟ್ಟಿತು. ನಾಲ್ಕೂವರೆ ಶತಮಾನ ದೂರದ ಎರಡು ತುದಿಗಳಲ್ಲೂ ಒಂದೇ ಜಿಲ್ಲೆ. ಕಡಲು ಮಾಡಿದ ಸಾಲವನ್ನು ಕಾಡು ತೀರಿಸಿತು ಎನ್ನಲೆ?

ಬಿಡುಗಡೆಯ ನಂತರದ ಲಿಬಿಯಾ ಅವರ ಬಾಳೂ ಅಷ್ಟೇ ದೊಡ್ಡದು. ಗೋವಾದ ಮೊದಲ ಪ್ರವಾಸೋದ್ಯಮ ನಿರ್ದೇಶಕಿಯಾದರು. ನಂಬುತ್ತೀರಾ? ಆರು ವರ್ಷ ಯಾರಿಗೂ ಕಾಣದ ಹಾಗೆ ಅಡಗಿದ್ದವರು ಜಗತ್ತನ್ನೇ ‘ಬನ್ನಿ, ನೋಡಿ’ ಎಂದು ಕರೆಯುವ ಕೆಲಸಕ್ಕೆ ನಿಂತರು! ನಾವು ಇಂದು ಸಂಸಾರ ಸಮೇತ ರೈಲು ಹತ್ತಿ ಗೋವಾದ ಕಡಲತಡಿಗೆ ಹೋಗುತ್ತೇವಲ್ಲ, ಆ ಬಾಗಿಲನ್ನು ಮೊದಲು ತೆರೆದ ಕೈಗಳಲ್ಲಿ ಇವರದೂ ಒಂದು. ವಕೀಲಿ ಮಾಡಿದರು. ಮಹಿಳೆಯರಿಗಾಗಿ ಸಹಕಾರಿ ಬ್ಯಾಂಕ್ ಕಟ್ಟಿದರು. ಕಾಡಿನ ಸಂಗಾತಿ ವಾಮನರನ್ನೇ ಮದುವೆಯಾದರು. ಮುಂದೆ ವಾಮನ ಸರದೇಸಾಯಿ ಅಂಗೋಲಾದಲ್ಲಿ ಭಾರತದ ರಾಯಭಾರಿಯಾಗಿದ್ದರು. ಪೋರ್ಚುಗೀಸರಿಂದ 1975ರಲ್ಲಿ ಬಿಡುಗಡೆಯಾದ ಅದೇ ಅಂಗೋಲಾ. ಆ ಮಣ್ಣಿಗೆ ಕಾಲಿಟ್ಟ ಗಳಿಗೆಯಲ್ಲಿ ಅವರ ಎದೆ ಹೇಗೆ ಹೊಡೆದುಕೊಂಡಿರಬೇಕು!

ಇಷ್ಟು ದೊಡ್ಡ ಕಥೆ ನಮ್ಮ ಹಿತ್ತಲಲ್ಲಿ ನಡೆಯಿತು. ನಾವು ಅದನ್ನು ಗೋವಾದವರ ಕಥೆ ಎಂದು ಬಿಟ್ಟುಬಿಟ್ಟೆವು. ದೂಧಸಾಗರಕ್ಕೆ ಹೋಗುವ ಹುಡುಗರೇ, ಕ್ಯಾಸಲ್‌ರಾಕಿನಲ್ಲಿ ಇಳಿದಾಗ ಒಂದು ನಿಮಿಷ ನಿಲ್ಲಿ. ಕಾಡಿನ ಕಡೆ ಕಿವಿ ಕೊಡಿ. ಶಾಲೆಯ ಮೇಷ್ಟ್ರುಗಳೇ, ಉಪ್ಪಿನ ಸತ್ಯಾಗ್ರಹದ ಅಂಕೋಲಾ ಪಾಠ ಮಾಡುವಾಗ, ಜೊತೆಗೆ ಇದನ್ನೂ ಒಂದು ಮಾತು ಹೇಳಿ. ಅದೇ ಜಿಲ್ಲೆ, ಅದೇ ಮಣ್ಣು. ಆ ಹೆಂಗಸಿನ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಕೆಮ್ಮಣ್ಣುಗುಂಡಿಯ ಕಲ್ಲಿನ ಮೇಲೆ ಈ ಕಥೆಯನ್ನು ಮೊದಲು ಓದಿದ ಕೆಲವೇ ವಾರಗಳಲ್ಲಿ ನಾನು ಮತ್ತೆ ಹೆಬ್ಬೆಗೆ ಹೋದೆ. ಕಣದ ಅಜ್ಜನಿಗೆ ಕ್ಯಾಸಲ್‌ರಾಕಿನ ಕಥೆ ಹೇಳಿದೆ. ಹಣ್ಣು ಒಣಗಿ ಚೀಲ ಸೇರಿತ್ತು, ಅವರಿಗೆ ಪುರುಸೊತ್ತಿತ್ತು. ಒಂದೂ ಮಾತಾಡದೆ ಪೂರ್ತಿ ಕೇಳಿದರು. ಆಮೇಲೆ ‘ಬನ್ನಿ’ ಎಂದು ನಮ್ಮ ಜೀಪು ಹತ್ತಿದರು, ಹೆಗಲಿಗೆ ಟ್ರಾನ್ಸಿಸ್ಟರ್ ಏರಿಸಿಕೊಂಡೇ.

ಜಲಪಾತದ ಬುಡ. ಅದೇ ಗುಡುಗು. ನಾನು ಏನೋ ಕೂಗಿದೆ, ಅವರಿಗೆ ಕೇಳಲಿಲ್ಲ. ಅವರು ಏನೋ ಹೇಳಿದರು, ನನಗೆ ಕೇಳಲಿಲ್ಲ. ಅಜ್ಜ ನಕ್ಕು ಟ್ರಾನ್ಸಿಸ್ಟರಿನ ಗುಂಡಿ ತಿರುಗಿಸಿ ನನ್ನ ಕಿವಿಗೆ ಒತ್ತಿ ಹಿಡಿದರು. ಎರಡು ಮಾರು ದೂರದ ಮನುಷ್ಯನ ಕೂಗನ್ನು ನುಂಗಿಹಾಕಿದ ಆ ನೀರಿನ ಅಬ್ಬರವನ್ನು ದಾಟಿ, ಗುಡ್ಡಗಳಾಚೆಯ ಭದ್ರಾವತಿಯಿಂದ ಬಂದ ಒಂದು ಹೆಣ್ಣುದನಿ ನನ್ನ ಕಿವಿಯಲ್ಲಿ ಮೆಲ್ಲಗೆ, ಸ್ಪಷ್ಟವಾಗಿ, ನನಗೊಬ್ಬನಿಗೇ ಎಂಬಂತೆ ಮಾತಾಡುತ್ತಿತ್ತು.